ಇಂಟೀರಿಯರ್ ಡಿಸೈನ್ ಓದು: ಯಾವ ಸರ್ಟಿಫಿಕೇಟು ಯಾವ ಕೆಲಸಕ್ಕೆ?

ಭಾರತದಲ್ಲಿ ಇಂಟೀರಿಯರ್ ಡಿಸೈನರ್ ಅಥವಾ ಡೆಕೊರೇಟರ್ ಆಗಲು ಸರ್ಕಾರದ ಲೈಸೆನ್ಸ್ ಬೇಕಿಲ್ಲ. ವೈದ್ಯರಿಗೆ, ವಕೀಲರಿಗೆ, ಆರ್ಕಿಟೆಕ್ಟ್‌ಗಳಿಗೆ ಇರುವಂಥ ನೋಂದಣಿ ಕಾಯ್ದೆ ಈ ಕಸುಬಿಗೆ ಇಲ್ಲ. ಕಾರವಾರದ ಗ್ರೀನ್ ಸ್ಟ್ರೀಟಿನಲ್ಲೋ ಶಿರಸಿಯ ಸಿ.ಪಿ. ಬಜಾರಿನಲ್ಲೋ ಒಂದು ಮಳಿಗೆ ಹಿಡಿದು ನಾಳೆಯೇ ಬೋರ್ಡ್ ಹಾಕಿದರೂ ನಿಮ್ಮ ಪದವಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ನಗರಸಭೆ ಕೊಡುವ ವ್ಯಾಪಾರ ಪರವಾನಗಿ ಅಂಗಡಿಗೆ ಸಂಬಂಧಪಟ್ಟದ್ದು. ವಿದ್ಯೆಯನ್ನು ಅದು ಅಳೆಯುವುದಿಲ್ಲ.

ಈ ಸಂಗತಿ ಗೊತ್ತಿಲ್ಲದ ಕಾರಣಕ್ಕೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮನೆಗಳು ಪ್ರತಿ ವರ್ಷ ಅಡಿಕೆ ಮಾರಿದ ದುಡ್ಡನ್ನು, ಸೊಸೈಟಿ ಸಾಲವನ್ನು ಒಯ್ದು ಯಾವುದೋ ಹೊಳೆಯುವ ಬ್ರೋಷರ್‌ನ ಕೈಗೆ ಹಾಕುತ್ತವೆ. ರಿಸಲ್ಟ್ ಬಂದ ವಾರದಿಂದಲೇ ಫೋನ್ ಶುರು: ಒಂದು ವರ್ಷದ ಡಿಪ್ಲೊಮಾ, ಅಂತಾರಾಷ್ಟ್ರೀಯ ಮಾನ್ಯತೆ, ನೂರಕ್ಕೆ ನೂರು ನೌಕರಿ, ಇವತ್ತೇ ಸೀಟು ಬುಕ್ ಮಾಡಿದರೆ ರಿಯಾಯಿತಿ. ಹುಡುಗಿಗೆ ಚಿತ್ರ ಬಿಡಿಸುವ ಹುಚ್ಚು, ಅಪ್ಪನಿಗೆ ಮಗಳನ್ನು ಕಾಲ ಮೇಲೆ ನಿಲ್ಲಿಸುವ ಆಸೆ. ಇಬ್ಬರದ್ದೂ ತಪ್ಪಲ್ಲ. ಆದರೆ ‘ಮಾನ್ಯತೆ’ ಎಂದಾಗ ಯಾರು ಮಾನ್ಯ ಮಾಡಿದ್ದು, ಯಾವ ಕೆಲಸಕ್ಕೆ ಮಾನ್ಯ ಎಂದು ಕೇಳಲು ಬರಬೇಕು. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಲೇಖನ.

ಹೆಸರಿಗೆ ಕಾಯ್ದೆ ಇರುವುದು ಯಾರಿಗೆ?

ಮೊದಲು ಮೂರು ಹೆಸರುಗಳನ್ನು ಬೇರೆ ಮಾಡಿಕೊಳ್ಳೋಣ. ಡೆಕೊರೇಟರ್ ಎಂದರೆ ಬಣ್ಣ, ಪರದೆ, ಸೋಫಾ, ದೀಪ, ಗೋಡೆಯ ಅಲಂಕಾರ ನೋಡುವವರು. ಕಟ್ಟಡ ಹೇಗಿದೆಯೋ ಹಾಗೇ ಇಟ್ಟುಕೊಂಡು ಅದರ ಮೇಲೆ ಕೆಲಸ ಮಾಡುತ್ತಾರೆ. ಇಂಟೀರಿಯರ್ ಡಿಸೈನರ್ ಒಂದು ಹೆಜ್ಜೆ ಒಳಗೆ ಹೋಗುತ್ತಾರೆ. ಅಡುಗೆಮನೆಯ ಕಟ್ಟೆ ಎಲ್ಲಿ, ವಾರ್ಡ್‌ರೋಬ್ ಎಷ್ಟು ಆಳ, ಸ್ವಿಚ್ ಬೋರ್ಡ್ ಯಾವ ಎತ್ತರದಲ್ಲಿ, ಫಾಲ್ಸ್ ಸೀಲಿಂಗ್ ಒಳಗೆ ವೈರು ಹೇಗೆ ಹೋಗಬೇಕು ಎಂಬುದನ್ನೆಲ್ಲ ನಕ್ಷೆ ಬರೆದು, ಸಾಮಾನಿನ ಲೆಕ್ಕ ಹಾಕಿ ಕೊಡುತ್ತಾರೆ. ಆರ್ಕಿಟೆಕ್ಟ್ ಇಡೀ ಕಟ್ಟಡವನ್ನೇ ಯೋಚಿಸುವವರು.

ಇವುಗಳಲ್ಲಿ ಕಾಯ್ದೆಯ ರಕ್ಷಣೆ ಇರುವುದು ಕೊನೆಯ ಹೆಸರಿಗೆ ಮಾತ್ರ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಅದಕ್ಕೆ ಬಿ.ಆರ್ಕ್ ಎಂಬ ಐದು ವರ್ಷದ ವಾಸ್ತುಶಿಲ್ಪ ಪದವಿ ಆಗಿರಬೇಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು: ಈ ಕಾಯ್ದೆಯ 37ನೇ ಕಲಂ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು, ವಿನ್ಯಾಸ ಮಾಡುವ ಕೆಲಸವನ್ನಲ್ಲ. ಹಾಗಾಗಿ ಒಂದು ವರ್ಷದ ಡಿಪ್ಲೊಮಾ ಮುಗಿಸಿದವರು ವಿಸಿಟಿಂಗ್ ಕಾರ್ಡಿನಲ್ಲಿ ‘ಇಂಟೀರಿಯರ್ ಆರ್ಕಿಟೆಕ್ಟ್’ ಎಂದು ಹಾಕಿಸಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು. ‘ಇಂಟೀರಿಯರ್ ಡಿಸೈನರ್’ ಎಂದು ಹಾಕಿಕೊಂಡರೆ ಯಾವ ತಕರಾರೂ ಇಲ್ಲ.

ಹಾಗಿದ್ದರೆ ಇಂಟೀರಿಯರ್ ಕಸುಬಿನವರಿಗೆ ಸಂಘಟನೆಯೇ ಇಲ್ಲವೇ? ಇದೆ. ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್, ಚಿಕ್ಕದಾಗಿ ಐಐಐಡಿ, ಅದೇ 1972ರಲ್ಲಿ ಹುಟ್ಟಿದ್ದು. ಕೇಂದ್ರ ಕಚೇರಿ ಮುಂಬೈಯಲ್ಲಿ, ಬೆಂಗಳೂರಿನಲ್ಲೂ ಶಾಖೆ ಇದೆ. ಓದು ಮತ್ತು ಅನುಭವ ನೋಡಿ ಸದಸ್ಯತ್ವ ಕೊಡುತ್ತಾರೆ. ಹಿರಿಯರ ಒಡನಾಟ, ಹೊಸ ಸಾಮಗ್ರಿಗಳ ಪರಿಚಯ, ಕಸುಬಿನ ನೀತಿ, ಇವಕ್ಕೆಲ್ಲ ಇದು ಒಳ್ಳೆಯ ಜಾಗ. ಆದರೆ ಇದು ಕಾಯ್ದೆಯಿಂದ ಹುಟ್ಟಿದ ಕೌನ್ಸಿಲ್ ಅಲ್ಲ. ಸದಸ್ಯತ್ವ ಇಲ್ಲ ಎಂದ ಮಾತ್ರಕ್ಕೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಓದುವ ದಾರಿಗಳು

ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇದ್ದವರಿಗೆ ಬಿ.ಆರ್ಕ್ ದಾರಿ ತೆರೆದಿದೆ. ನಾಟಾ ಎಂಬ ಅಭಿರುಚಿ ಪರೀಕ್ಷೆ ಬರೆಯಬೇಕು, ಇಲ್ಲವೇ ಜೆಇಇ ಮೇನ್‌ನ ಎರಡನೇ ಪತ್ರಿಕೆ. ಕಾರವಾರದವರಿಗೆ ಬೆಂಗಳೂರಿಗಿಂತ ಹತ್ತಿರದ್ದು ಪಣಜಿಯ ಆಲ್ಟಿನೊ ಗುಡ್ಡದ ಮೇಲಿರುವ ಗೋವಾ ಕಾಲೇಜ್ ಆಫ್ ಆರ್ಕಿಟೆಕ್ಚರ್. ಹೊರರಾಜ್ಯದವರಿಗೆ ಅಲ್ಲಿ ಸೀಟಿನ ನಿಯಮವೇನು ಎಂದು ಆಯಾ ವರ್ಷದ ಪ್ರಾಸ್ಪೆಕ್ಟಸ್ ನೋಡಿಕೊಳ್ಳಬೇಕು. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾಲೇಜುಗಳಿವೆ. ಐದು ವರ್ಷ ದೊಡ್ಡ ಅವಧಿ, ಖರ್ಚೂ ದೊಡ್ಡದು. ಆದರೆ ಬಿ.ಆರ್ಕ್ ಆದವರು ಕಟ್ಟಡವನ್ನೂ ಮಾಡಬಹುದು, ಒಳಾಂಗಣವನ್ನೂ ಮಾಡಬಹುದು, ಸರ್ಕಾರಿ ಹುದ್ದೆಗೂ ಅರ್ಜಿ ಹಾಕಬಹುದು. ಗಣಿತದ ಭಯ ಇಲ್ಲದ ಮಗುವಾದರೆ ನಾನು ಮೊದಲು ತೋರಿಸುವ ದಾರಿ ಇದೇ.

ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮಾಡಿದವರು ಇಲ್ಲಿಗೇ ಕೈಚೆಲ್ಲಬೇಕಿಲ್ಲ. ಬಿ.ಡಿಸ್ ಎಂಬ ನಾಲ್ಕು ವರ್ಷದ ವಿನ್ಯಾಸ ಪದವಿಗೆ ಸಾಮಾನ್ಯವಾಗಿ ಯಾವ ವಿಭಾಗದವರಾದರೂ ಸೇರಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸವನ್ನು ಒಂದೇ ವಿಭಾಗವಾಗಿ ಕಲಿಸುತ್ತದೆ. 2014ರ ಕಾಯ್ದೆಯಿಂದ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಬಂದಿದೆ. ಪ್ರವೇಶಕ್ಕೆ ಡಿಎಟಿ ಪರೀಕ್ಷೆ, ಅದರಲ್ಲಿ ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತ. ಐಐಟಿ ಬಾಂಬೆ ನಡೆಸುವ ಯುಸೀಡ್ ಎಂಬ ಇನ್ನೊಂದು ಪರೀಕ್ಷೆಯೂ ಇದೆ. ಐಐಟಿಗಳ ಬಿ.ಡಿಸ್‌ನಲ್ಲಿ ಇಂಟೀರಿಯರ್ ಎಂಬ ಪ್ರತ್ಯೇಕ ಶಾಖೆ ಇಲ್ಲ. ಆದರೆ ಯುಸೀಡ್ ಅಂಕ ನೋಡಿ ಸೀಟು ಕೊಡುವ ಬೇರೆ ಕಾಲೇಜುಗಳಿವೆ. ಅಹಮದಾಬಾದಿನದೇ ಸೆಪ್ಟ್ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಹೆಸರು ಮಾಡಿದ್ದು. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಇಂಟೀರಿಯರ್ ಡೆಕೊರೇಷನ್ ವಿಭಾಗ ಬಹಳ ಹಳೆಯದು. ಊರಿಗೆ ಹತ್ತಿರ ಬೇಕೆಂದರೆ ಮಣಿಪಾಲದಲ್ಲಿ ಇಂಟೀರಿಯರ್ ಡಿಸೈನ್ ಪದವಿ ಇದೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಮತ್ತೊಂದು ದಾರಿ. ಇಂಟೀರಿಯರ್ ವಿಭಾಗ ಎಲ್ಲ ಕಡೆ ಇರುವುದಿಲ್ಲ. ಸಿಗದಿದ್ದರೆ ಕಾರವಾರದ ಸರ್ಕಾರಿ ಪಾಲಿಟೆಕ್ನಿಕ್‌ನಂಥ ಕಡೆ ಸಿವಿಲ್ ಓದಿ ಆಮೇಲೆ ಒಳಾಂಗಣಕ್ಕೆ ತಿರುಗಿದರೂ ನಷ್ಟವಿಲ್ಲ. ನಕ್ಷೆ ಓದಲು, ಎಸ್ಟಿಮೇಟ್ ಹಾಕಲು, ಯಾವ ಗೋಡೆ ಭಾರ ಹೊತ್ತಿದೆ ಎಂದು ಗುರುತಿಸಲು ಸಿವಿಲ್ ಓದಿದವರಿಗೆ ಬರುತ್ತದೆ, ಒಳಾಂಗಣದ ಅರ್ಧ ಕೆಲಸ ಅದೇ. ಗಣಿತ ಓದಿದ ಮೂರು ವರ್ಷದ ಡಿಪ್ಲೊಮಾದವರಿಗೆ ಮುಂದೆ ಬಿ.ಆರ್ಕ್ ಬಾಗಿಲೂ ಮುಚ್ಚಿರುವುದಿಲ್ಲ.

ಐಟಿಐಯ ಬಗ್ಗೆ ನಮ್ಮಲ್ಲಿ ಒಂದು ತಾತ್ಸಾರ ಇದೆ, ಅದು ನನಗೆ ನೋವಿನ ವಿಷಯ. ‘ಇಂಟೀರಿಯರ್ ಡಿಸೈನ್ ಅಂಡ್ ಡೆಕೊರೇಷನ್’ ಎಂಬ ಒಂದು ವರ್ಷದ ಟ್ರೇಡ್ ಐಟಿಐ ಪಟ್ಟಿಯಲ್ಲೇ ಇದೆ, ಹತ್ತನೇ ತರಗತಿ ಪಾಸಾದರೆ ಸಾಕು. ಕಾರ್ಪೆಂಟರ್, ಡ್ರಾಫ್ಟ್ಸ್‌ಮನ್ ಸಿವಿಲ್ ಟ್ರೇಡ್‌ಗಳೂ ಇದೇ ಕಸುಬಿಗೆ ಒದಗುವಂಥವು. ಕೊನೆಗೆ ಅಖಿಲ ಭಾರತ ಟ್ರೇಡ್ ಟೆಸ್ಟ್, ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ದೇಶದಲ್ಲೆಲ್ಲ ನಡೆಯುತ್ತದೆ, ಫೀಸು ಖಾಸಗಿ ಸಂಸ್ಥೆಗಳ ಹತ್ತಿರಕ್ಕೂ ಬರುವುದಿಲ್ಲ. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆದು ಕಲಿಯುವ ಅವಕಾಶವೂ ಇದೆ. ಎರಡು ವರ್ಷದ ಟ್ರೇಡ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೋಗಬಹುದು. ಜಿಲ್ಲೆಯ ಪ್ರತಿ ಐಟಿಐಯಲ್ಲಿ ಎಲ್ಲ ಟ್ರೇಡ್ ಇರುವುದಿಲ್ಲವಾದ್ದರಿಂದ ಅರ್ಜಿ ಕರೆದಾಗ ಪಟ್ಟಿ ನೋಡಬೇಕು.

ಸರ್ಟಿಫಿಕೇಟನ್ನು ಓದುವುದು ಹೇಗೆ?

ಖಾಸಗಿ ಸಂಸ್ಥೆಯೊಂದು ತೋರಿಸುವ ಮಾದರಿ ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಳ್ಳಿ. ಬಂಗಾರದ ಬಣ್ಣದ ಅಂಚು, ಮೇಲೆ ಗ್ಲೋಬಿನ ಚಿತ್ರ, ಕೆಳಗೆ ಎರಡು ಮೂರು ಲೋಗೊ. ಅಂಚು, ಗ್ಲೋಬು ಬಿಟ್ಟುಬಿಡಿ. ಮೊದಲು ನೋಡಬೇಕಾದದ್ದು ಕೊಡುವವರು ಯಾರು ಎಂಬುದು. ಕಲಿಸಿದ ಸಂಸ್ಥೆಯೇ ಕೊಟ್ಟಿದೆಯೋ, ಪರೀಕ್ಷೆ ಮಾಡಿದ ಬೇರೊಂದು ಮಂಡಳಿ ಕೊಟ್ಟಿದೆಯೋ? ತಾನೇ ಕಲಿಸಿ, ತಾನೇ ಪರೀಕ್ಷೆ ಮಾಡಿ, ತಾನೇ ಪಾಸು ಮಾಡಿದರೆ ಅದು ಕಂಪ್ಯೂಟರ್ ಕ್ಲಾಸಿನ ಹಾಜರಿ ಪತ್ರಕ್ಕಿಂತ ಹೆಚ್ಚಿನದ್ದಲ್ಲ.

‘ಪದವಿ’ ಎಂಬ ಮಾತು ಬಂದರೆ ನಿಯಮ ಬಿಗಿಯಾಗಿದೆ. 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಪ್ರಕಾರ ಪದವಿ ಕೊಡುವ ಹಕ್ಕು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಮತ್ತು ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಪೇಟೆಯ ಎರಡನೇ ಮಹಡಿಯಲ್ಲಿರುವ ಅಕಾಡೆಮಿಗೆ ಆ ಹಕ್ಕಿಲ್ಲ. ಅದು ‘ವಿಶ್ವವಿದ್ಯಾಲಯದ ಸಹಯೋಗ’ ಎಂದರೆ, ಮಾರ್ಕ್ಸ್ ಕಾರ್ಡ್ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ, ತರಗತಿ ನಡೆಯುವ ಈ ಊರಿನಲ್ಲಿ ಕೋರ್ಸ್ ನಡೆಸಲು ಆ ವಿಶ್ವವಿದ್ಯಾಲಯಕ್ಕೆ ಅನುಮತಿ ಇದೆಯೇ ಎಂದು ಬರಹದಲ್ಲಿ ಕೇಳಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಐದು ನಿಮಿಷದ ಕೆಲಸ, ನೋಡಿಕೊಳ್ಳಿ.

ಮುಂದಿನದ್ದು ಐಎಸ್‌ಒ. ‘ಐಎಸ್‌ಒ 9001 ಪ್ರಮಾಣೀಕೃತ ಸಂಸ್ಥೆ’ ಎಂಬ ಸಾಲು ಎಷ್ಟು ಪಾಲಕರನ್ನು ನಂಬಿಸಿದೆಯೋ ಲೆಕ್ಕವಿಲ್ಲ. ಐಎಸ್‌ಒ 9001 ಒಂದು ಸಂಸ್ಥೆಯ ಆಡಳಿತದ ಪದ್ಧತಿ ಸರಿಯಾಗಿದೆಯೇ ಎಂದು ನೋಡುತ್ತದೆ. ಕೋರ್ಸಿನ ಗುಣಮಟ್ಟವನ್ನಾಗಲೀ ಸರ್ಟಿಫಿಕೇಟಿನ ಮಾನ್ಯತೆಯನ್ನಾಗಲೀ ಅದು ಹೇಳುವುದಿಲ್ಲ. ಹಾಗೇ ಉದ್ಯಮ್ ನೋಂದಣಿ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ಟ್ರೇಡ್‌ಮಾರ್ಕ್, ಇವೆಲ್ಲ ವ್ಯವಹಾರದ ಕಾಗದಗಳು. ಕಿರಾಣಿ ಅಂಗಡಿಗೂ ಸಿಗುತ್ತವೆ.

ಕೌಶಲ ಸರ್ಟಿಫಿಕೇಟುಗಳಿಗೆ ಈಗ ಒಂದು ಚೌಕಟ್ಟು ಬಂದಿದೆ. ಎನ್‌ಎಸ್‌ಕ್ಯೂಎಫ್ ಎಂದರೆ ಕೌಶಲವನ್ನು 1ರಿಂದ 8ರವರೆಗಿನ ಹಂತಗಳಲ್ಲಿ ಅಳೆಯುವ ರಾಷ್ಟ್ರೀಯ ಏಣಿ. 2018ರಲ್ಲಿ ಅಧಿಸೂಚನೆಯಾದ ಎನ್‌ಸಿವಿಇಟಿ ಎಂಬ ಪರಿಷತ್ತು ಯಾರು ಸರ್ಟಿಫಿಕೇಟು ಕೊಡಬಹುದು, ಯಾರು ಪರೀಕ್ಷಿಸಬಹುದು ಎಂದು ನಿಯಂತ್ರಿಸುತ್ತದೆ. ಅದು ಒಪ್ಪಿದ ಪ್ರತಿ ಕೋರ್ಸಿಗೂ ಒಂದು ಕೋಡ್ ಇರುತ್ತದೆ, ನ್ಯಾಷನಲ್ ಕ್ವಾಲಿಫಿಕೇಶನ್ ರಿಜಿಸ್ಟರ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಪೀಠೋಪಕರಣ ಮತ್ತು ಒಳಾಂಗಣ ಕೆಲಸಗಳಿಗೆ ಫರ್ನಿಚರ್ ಅಂಡ್ ಫಿಟ್ಟಿಂಗ್ಸ್ ಸ್ಕಿಲ್ ಕೌನ್ಸಿಲ್ ಇದೆ. ಆದ್ದರಿಂದ ಸಂಸ್ಥೆಯವರು ‘ಗವರ್ನಮೆಂಟ್ ಅಪ್ರೂವ್ಡ್’ ಎಂದರೆ ಜಗಳ ಬೇಡ. ಕೋರ್ಸಿನ ಕೋಡ್ ಯಾವುದು, ಎಷ್ಟನೇ ಹಂತ, ಪರೀಕ್ಷಿಸುವ ಸಂಸ್ಥೆ ಯಾವುದು ಎಂದು ಕೇಳಿ ಬರೆದುಕೊಂಡು ಬನ್ನಿ. ನಿಜವಾದದ್ದಾದರೆ ಹೇಳಲು ಅವರಿಗೆ ಒಂದು ನಿಮಿಷ ಸಾಕು.

ಸಾಫ್ಟ್‌ವೇರ್ ಸರ್ಟಿಫಿಕೇಟುಗಳ ವಿಷಯ ಬೇರೆ. ಆಟೊಕ್ಯಾಡ್, ಸ್ಕೆಚ್‌ಅಪ್ ಗೊತ್ತಿರಲೇಬೇಕು, ಗೊತ್ತಿಲ್ಲದೆ ಈಗ ಯಾವ ಆಫೀಸೂ ಒಳಗೆ ಬಿಡುವುದಿಲ್ಲ. ಆದರೆ ಅವು ಪೆನ್ಸಿಲಿನ ಜಾಗಕ್ಕೆ ಬಂದ ಸಾಧನಗಳು, ಅವನ್ನು ಕಲಿತಾಕ್ಷಣ ಡಿಸೈನ್ ಬಂತು ಎಂದಾಗುವುದಿಲ್ಲ.

ಒಂದು ಪ್ಲೈವುಡ್ ಹಾಳೆಯ ಪಾಠ

ಒಳ್ಳೆಯ ಶಿಕ್ಷಣ ಏನನ್ನು ಕೊಡುತ್ತದೆ ಎಂದು ತೋರಿಸಲು ಒಂದು ಹಾಳೆ ಪ್ಲೈವುಡ್ ಸಾಕು. ಅಂಗಡಿಯಲ್ಲಿ ಸಿಗುವ ದೊಡ್ಡ ಹಾಳೆ 8 ಅಡಿಗೆ 4 ಅಡಿ, ಮಿಲಿಮೀಟರಿನಲ್ಲಿ 2440ಕ್ಕೆ 1220. ಬಟ್ಟೆ ಹ್ಯಾಂಗರಿಗೆ ತೂಗುಹಾಕುವ ವಾರ್ಡ್‌ರೋಬಿಗೆ ಸುಮಾರು 600 ಮಿ.ಮೀ. ಆಳ ಬೇಕು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಗರಗಸದ ಅಲಗು ತಿನ್ನುವ ಮೂರು ನಾಲ್ಕು ಮಿಲಿಮೀಟರ್ ಕಳೆದರೂ ತಲಾ 608 ಮಿ.ಮೀ. ಅಗಲದ ಎರಡು ಪಟ್ಟಿ ಸಿಗುತ್ತವೆ. ವಾರ್ಡ್‌ರೋಬಿನ ಎರಡೂ ಪಕ್ಕದ ಹಲಗೆ ಒಂದೇ ಹಾಳೆಯಲ್ಲಿ ಮುಗಿಯಿತು.

ಈಗ ಕಂಪ್ಯೂಟರ್ ಪರದೆಯಲ್ಲಿ ಚಂದ ಕಾಣುತ್ತದೆಂದು ಯಾರೋ ಆಳವನ್ನು 620 ಮಾಡಿದರು ಎನ್ನಿ. ಚಿತ್ರದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಹಾಳೆಯಲ್ಲಿ ಒಂದು ಪಟ್ಟಿ ತೆಗೆದ ಮೇಲೆ ಉಳಿಯುವುದು ಹೆಚ್ಚೆಂದರೆ 597, ಎರಡನೇ ಪಕ್ಕಕ್ಕೆ ಇನ್ನೊಂದು ಹಾಳೆ ಕತ್ತರಿಸಬೇಕು. ನಾಲ್ಕು ವಾರ್ಡ್‌ರೋಬ್ ಇರುವ ಮನೆಯಲ್ಲಿ ಇದರಿಂದ ಎಷ್ಟು ಹಾಳೆ ಹೆಚ್ಚಾಗುತ್ತದೆ ಎಂದು ಆಚಾರಿಗಳಿಗೆ ಕೇಳಿ, ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಶಿಕ್ಷಣ ಎಂದರೆ ಈ ಲೆಕ್ಕ ನಕ್ಷೆ ಬರೆಯುವಾಗಲೇ ತಲೆಯಲ್ಲಿ ಓಡುವುದು.

ಅದೇ ಹಾಳೆಯ ಮೇಲೆ ಒತ್ತಿರುವ ಮುದ್ರೆ ನೋಡಿ. ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಎಂದಿದ್ದರೆ ಮರೈನ್ ದರ್ಜೆ. ಎರಡನೆಯದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಕ್ರಮವಿದೆ. ವರ್ಷಕ್ಕೆ 3000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಅದರಲ್ಲೂ ಸಿಂಕ್ ಕೂರುವ ಅಡುಗೆಕಟ್ಟೆಯ ಕೆಳಗೆ, ಯಾವುದನ್ನು ಹಾಕಬೇಕು ಎಂಬುದು ಇಷ್ಟಾನಿಷ್ಟದ ಪ್ರಶ್ನೆಯಲ್ಲ. ಆಷಾಢದಲ್ಲಿ ಉಬ್ಬಿ ಸಿಕ್ಕಿಕೊಂಡ ಡ್ರಾಯರ್ ಎಳೆದೆಳೆದು ಬೇಸತ್ತ ಗೃಹಿಣಿಗೆ ಇದು ಚೆನ್ನಾಗಿ ಗೊತ್ತು.

ಸ್ಟೀಲಿನ ಕಥೆಯೂ ಹೀಗೇ. ಬೆಂಗಳೂರಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಿಡಿಕೆ ವರ್ಷಗಟ್ಟಲೆ ಹೊಳೆಯುತ್ತದೆ. ಗೋಕರ್ಣದ ಕಡಲಂಚಿನ ಹೋಂಸ್ಟೇಯಲ್ಲಿ ಅದೇ ಹಿಡಿಕೆಯ ಮೇಲೆ ಬೇಗನೆ ಚಹಾದ ಬಣ್ಣದ ಕಲೆ ಮೂಡುತ್ತದೆ. ಉಪ್ಪುಗಾಳಿಯ ಕ್ಲೋರೈಡ್ ಸ್ಟೀಲಿನ ಮೇಲಿನ ರಕ್ಷಣೆಯ ಪದರವನ್ನು ತಿನ್ನುವುದೇ ಕಾರಣ. ಮಾಲಿಬ್ಡಿನಮ್ ಸೇರಿರುವ 316 ದರ್ಜೆ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟವಿಲ್ಲ, ಅಲ್ಲಿ ವೈರಿ ಬೂಷ್ಟು ಮತ್ತು ಒರಲೆ. ಗೋಡೆಗೆ ಅಂಟಿಸಿದಂತೆ ಕೂರಿಸಿದ ಕಪಾಟಿನ ಬೆನ್ನಿಗೆ ಗಾಳಿಯಾಡದಿದ್ದರೆ ಶ್ರಾವಣ ಮುಗಿಯುವುದರೊಳಗೆ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಚಿರೆಕಲ್ಲಿನ ಹಳೆ ಗೋಡೆ ನೀರು ಹೀರಿ ಬಿಡುತ್ತಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿ ಹಪ್ಪಳದಂತೆ ಏಳುತ್ತದೆ. ಸುಣ್ಣ, ಗಾರೆ ಬಳಸುತ್ತಿದ್ದ ಹಿಂದಿನವರು ಇದನ್ನು ತಿಳಿದೇ ಬಳಸಿದ್ದರು.

ಮಹಾನಗರದ ಕೋರ್ಸುಗಳಲ್ಲಿ ಇವುಗಳ ಬಗ್ಗೆ ಒಂದು ಅಧ್ಯಾಯ ಇದ್ದರೆ ಹೆಚ್ಚು. ಇಲ್ಲಿಯೇ ಕೆಲಸ ಮಾಡುವ ಆಸೆ ಇರುವ ಮಕ್ಕಳು ಎರಡು ಮಳೆಗಾಲವನ್ನಾದರೂ ಊರಿನ ಸೈಟಿನಲ್ಲಿ ಕಳೆಯಬೇಕು ಎಂದು ನಾನು ಹಟ ಹಿಡಿದು ಹೇಳುವುದು ಈ ಕಾರಣಕ್ಕೇ.

ಕೈಯಲ್ಲಿ ವಿದ್ಯೆ ಇದ್ದು ಕಾಗದ ಇಲ್ಲದವರು

ಸರ್ಟಿಫಿಕೇಟಿನ ಮಾತು ಬಂದಾಗಲೆಲ್ಲ ಮರೆತುಹೋಗುವ ಒಂದು ದೊಡ್ಡ ಗುಂಪು ಇದೆ. ನಮ್ಮ ಆಚಾರಿಗಳು, ಗುಡಿಗಾರರು, ಪೇಂಟರುಗಳು, ಪಿಓಪಿ ಕೆಲಸದವರು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಪೆಟ್ಟಿಗೆ, ಮೂರ್ತಿಗಳು ದೇಶದಾಚೆಗೂ ಹೋಗಿವೆ. ಕುಮಟಾ, ಅಂಕೋಲಾ ಕಡೆಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕೆಮ್ಮಣ್ಣಿನ ಬಣ್ಣ ಬಳಿದು, ಕೆರೆದು ಬಿಳಿಯ ಸುಣ್ಣದ ಗೆರೆ ಹೊರಡಿಸಿದ ಕಾವಿ ಕಲೆ ಇದೆ. ಇವತ್ತಿಗೂ ಯಾವ ರೆಸಾರ್ಟಿನ ಗೋಡೆಗೆ ಹಾಕಿದರೂ ಒಪ್ಪುವ ಕೆಲಸ. ಇದನ್ನೆಲ್ಲ ಮಾಡಿದ ಕೈಗಳು ಯಾವ ಕೋರ್ಸನ್ನೂ ಮುಗಿಸಿದ್ದಲ್ಲ.

“ಕೆಲಸ ನೋಡಿ ಕರೀತಿದ್ರು ಮೊದ್ಲು. ಈಗ ದೊಡ್ಡ ಕಂಪನಿಯವ್ರು ಕಾಗದ ಉಂಟಾ ಕೇಳ್ತ್ರು” ಎಂದು ಕುಮಟೆಯ ಹಿರಿಯ ಆಚಾರಿಯೊಬ್ಬರು ಹೇಳಿದ ಮಾತಿನಲ್ಲಿ ಅಸಮಾಧಾನ ಇತ್ತು, ಅದು ಸಹಜ. ಅವರಂಥವರಿಗೆ ಇರುವ ದಾರಿಯ ಹೆಸರು ಆರ್‌ಪಿಎಲ್, ಈಗಾಗಲೇ ಕಲಿತಿರುವುದಕ್ಕೆ ಮನ್ನಣೆ ಕೊಡುವ ವ್ಯವಸ್ಥೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಬಂದದ್ದು. ವರ್ಷಗಟ್ಟಲೆ ಕೂತು ಓದಬೇಕಿಲ್ಲ. ಚಿಕ್ಕ ಪರಿಚಯ ತರಬೇತಿ, ಆಮೇಲೆ ಮಾಡಿ ತೋರಿಸುವ ಪರೀಕ್ಷೆ, ಪಾಸಾದರೆ ಎನ್‌ಎಸ್‌ಕ್ಯೂಎಫ್ ಹಂತದ ಸರ್ಟಿಫಿಕೇಟು.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಗಾರೆ ಕೆಲಸ, ಶಿಲ್ಪ ಇವೆ. ಐದರಿಂದ ಏಳು ದಿನದ ಪ್ರಾಥಮಿಕ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದ ಸಾಲ, ಇದು ಅದರ ರೂಪ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಕಾಮನ್ ಸರ್ವಿಸ್ ಸೆಂಟರಿನಲ್ಲಿ ಆಧಾರ್ ತೋರಿಸಿ ಅರ್ಜಿ ಹಾಕುವುದು, ಹಳ್ಳಿಯವರಾದರೆ ಗ್ರಾಮ ಪಂಚಾಯಿತಿ ಪರಿಶೀಲನೆ. ಹಳಿಯಾಳದಲ್ಲಿರುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಎಂಬ ಗ್ರಾಮೀಣ ತರಬೇತಿ ಸಂಸ್ಥೆಯಲ್ಲಿ ಸ್ವಯಂ ಉದ್ಯೋಗದ ತರಬೇತಿಗಳು ಉಚಿತವಾಗಿ ನಡೆಯುತ್ತವೆ. ಮರ, ಕಲ್ಲು, ಲೋಹದ ಕೆತ್ತನೆಯನ್ನು ಕ್ರಮವಾಗಿ ಕಲಿಯಬೇಕೆಂಬ ಹುಡುಗರಿಗೆ ಕಾರ್ಕಳದ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಇದೆ.

ಆಚಾರಿಗಳ ಮನೆಯ ಮಕ್ಕಳು ಈ ಕ್ಷೇತ್ರಕ್ಕೆ ಬರಬೇಕೆಂದು ನನಗೆ ತುಂಬ ಆಸೆ. ಕೀಲು ಹೇಗೆ ಕೂರುತ್ತದೆ, ಹಸಿ ಮರ ಒಣಗುವಾಗ ಯಾವ ಕಡೆ ಬಾಗುತ್ತದೆ ಎಂದು ಅಪ್ಪನ ಪಕ್ಕ ಕೂತು ನೋಡಿದ ಮಗು ನಕ್ಷೆ ಬರೆಯಲು ಕಲಿತರೆ ಅದರ ಮುಂದೆ ಬರೀ ಪರದೆ ನೋಡಿ ಕಲಿತವರು ನಿಲ್ಲಲಾರರು. ಆದರೆ ಅದೇ ಮನೆಗಳಲ್ಲಿ “ಉಳಿ ಹಿಡಿದದ್ದು ನಮ್ಮ ತಲೆಗೇ ಸಾಕು” ಎಂಬ ಮಾತು ಕೇಳುತ್ತದೆ. ಅವರ ಕಷ್ಟ ಕಂಡವರು ಅದನ್ನು ತಪ್ಪು ಎನ್ನಲಾರರು. ಐಟಿಐ ಅಥವಾ ಡಿಪ್ಲೊಮಾದ ಒಂದು ಕಾಗದ ಸೇರಿದರೆ ಅದೇ ವಿದ್ಯೆಗೆ ಸಿಗುವ ಕೂಲಿಯೂ ಗೌರವವೂ ಬದಲಾಗುತ್ತವೆ.

ಲೈಸೆನ್ಸ್ ಬೇಕೇ ಬೇಕಾದ ಕಡೆ

ಡಿಸೈನರಿಗೆ ಲೈಸೆನ್ಸ್ ಬೇಡ ಎಂದರೆ ಮನೆಯೊಳಗೆ ಏನು ಬೇಕಾದರೂ ಮಾಡಬಹುದು ಎಂದಲ್ಲ. ವಿದ್ಯುತ್ ಕೆಲಸಕ್ಕೆ ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಕಂಟ್ರಾಕ್ಟರ್ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಇವೆ. ಹೆಚ್ಚು ಲೋಡ್ ಬೇಕೆಂದು ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಹಾಕುವಾಗ ಲೈಸೆನ್ಸ್ ಇರುವ ಕಂಟ್ರಾಕ್ಟರನ ಸಹಿ ಬೇಕಾಗುತ್ತದೆ. ಎಸಿ, ಗೀಸರ್, ಇಂಡಕ್ಷನ್ ಒಲೆ ಎಲ್ಲವನ್ನೂ ಸೇರಿಸಿ ಲೈಟ್ ಪಾಯಿಂಟಿನ ತೆಳು ವೈರಿಗೇ ಜೋಡಿಸಿ, ಅದರ ಮೇಲೆ ಜಿಪ್ಸಮ್ ಸೀಲಿಂಗ್ ಮುಚ್ಚಿಬಿಡುವುದು ಬೆಂಕಿಗೆ ಕರೆದಂತೆ. ಗೋಡೆ ಒಡೆಯುವುದೂ ಹಾಗೇ. ಹಾಲ್ ದೊಡ್ಡದಾಗಿ ಕಾಣಲಿ ಎಂದು ಚಿರೆಕಲ್ಲಿನ ಒಳಗೋಡೆ ತೆಗೆಸುವವರಿದ್ದಾರೆ. ಪಿಲ್ಲರ್ ಇಲ್ಲದ ಹಳೆ ಮನೆಯಲ್ಲಿ ಮೇಲಿನ ತೊಲೆ, ಪಕಾಸು, ಹೆಂಚಿನ ಭಾರವೆಲ್ಲ ಕೂತಿರುವುದು ಅದೇ ಗೋಡೆಯ ಮೇಲೆ ಆಗಿರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದು ಕೊಡದೆ ಯಾವ ಡಿಸೈನರೂ ಸುತ್ತಿಗೆ ಎತ್ತಿಸಬಾರದು.

ಸ್ವಂತ ಆಫೀಸ್ ಇಟ್ಟ ಮೇಲೆ ತೆರಿಗೆಯ ವಿಷಯ ಬರುತ್ತದೆ. ಬರೀ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಡಿಸೈನ್ ಸೇವೆಗೆ ದರ ಶೇ 18. ಸಾಮಾನು, ಕೂಲಿ, ಡಿಸೈನ್ ಫೀಸು ಮೂರನ್ನೂ ಬೇರೆ ಬೇರೆ ಬರೆಯುವ ರೂಢಿಯನ್ನು ಮೊದಲ ಕೆಲಸದಿಂದಲೇ ಹಾಕಿಕೊಂಡರೆ ಮುಂದೆ ಮನೆಯ ಯಜಮಾನರ ಜೊತೆ ಮನಸ್ತಾಪವೂ ಬರುವುದಿಲ್ಲ.

ದುಬೈ, ಅಮೆರಿಕದ ಕನಸಿದ್ದರೆ

ಭಟ್ಕಳ, ಹೊನ್ನಾವರದಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಹೆಚ್ಚು. ಯುಎಇಯಲ್ಲಿ ಓದಿಗೆ ತಕ್ಕ ಹುದ್ದೆಯ ವೀಸಾ ಬೇಕೆಂದರೆ ಪದವಿ ಪತ್ರಕ್ಕೆ ದೃಢೀಕರಣ ಆಗಬೇಕು. ಮೊದಲು ರಾಜ್ಯದ ಹಂತ, ಆಮೇಲೆ ವಿದೇಶಾಂಗ ಸಚಿವಾಲಯ, ಅದಾದ ಮೇಲೆ ಯುಎಇ ರಾಯಭಾರ ಕಚೇರಿ. ಈ ಸರಪಳಿಯಲ್ಲಿ ಮೊದಲ ಕೊಂಡಿಗೇ ಮಾನ್ಯತೆ ಇಲ್ಲದ ಸಂಸ್ಥೆಯ ಡಿಪ್ಲೊಮಾ ಸಿಕ್ಕಿಬೀಳುತ್ತದೆ. ಲಕ್ಷ ಕೊಟ್ಟು ಪಡೆದ ‘ಅಂತಾರಾಷ್ಟ್ರೀಯ’ ಸರ್ಟಿಫಿಕೇಟು ಅಂತಾರಾಷ್ಟ್ರೀಯ ವಿಮಾನ ಹತ್ತುವ ಮೊದಲೇ ಕೈಕೊಡುವುದು ಇಲ್ಲಿಯೇ. ಹೋಗುವ ಯೋಚನೆ ಇದ್ದರೆ ಕೋರ್ಸ್ ಸೇರುವ ಮೊದಲೇ, ನಿಮ್ಮ ಹಳೆಯ ವಿದ್ಯಾರ್ಥಿಗಳ ಪತ್ರ ದೃಢೀಕರಣ ಆಗಿದೆಯೇ, ಒಂದನ್ನು ತೋರಿಸಿ ಎಂದು ಕೇಳಿ.

ಅಮೆರಿಕ, ಕೆನಡಾದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಎನ್‌ಸಿಐಡಿಕ್ಯೂ ಎಂಬ ಮೂರು ಭಾಗದ ಪರೀಕ್ಷೆ ಇದೆ. ಓದು ಮಾತ್ರ ಸಾಲದು, ಪದವೀಧರರೂ 3,520 ಗಂಟೆಗಳ ಕೆಲಸದ ಅನುಭವ ತೋರಿಸಬೇಕು. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕೆಲವು ರಾಜ್ಯಗಳಲ್ಲಿ ‘ರಿಜಿಸ್ಟರ್ಡ್ ಇಂಟೀರಿಯರ್ ಡಿಸೈನರ್’ ಎಂದು ಕರೆದುಕೊಳ್ಳಲು ಈ ಪರೀಕ್ಷೆ ಬೇಕು. ಬರೀ ಅಲಂಕಾರದ ಕೆಲಸ ಮಾಡುವ ಡೆಕೊರೇಟರಿಗೆ ಅಲ್ಲೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆ ಪರೀಕ್ಷೆಯ ಹೆಸರು ಹೇಳಿಕೊಂಡು ಇಲ್ಲಿ ಕೋರ್ಸ್ ಮಾರುವವರಿದ್ದರೆ, ಅನುಭವದ ಗಂಟೆಗಳನ್ನು ಎಲ್ಲಿ ಕೊಡಿಸುತ್ತೀರಿ ಎಂಬುದೇ ಮೊದಲ ಪ್ರಶ್ನೆ ಆಗಲಿ.

ಫೀಸು ಕಟ್ಟುವ ಮೊದಲು

ಸಂಸ್ಥೆಗೆ ಹೋದಾಗ ರಿಸೆಪ್ಷನ್‌ನಲ್ಲಿ ಕೂತು ವಿಡಿಯೊ ನೋಡಿ ಬರಬೇಡಿ. ಕಳೆದ ವರ್ಷದ ವಿದ್ಯಾರ್ಥಿಯೊಬ್ಬರು ಮಾಡಿದ ಪೂರ್ತಿ ನಕ್ಷೆಗಳ ಕಟ್ಟು ಕೇಳಿ: 1:50 ಅಳತೆಯ ಪ್ಲಾನ್, ಅಡುಗೆಮನೆಯ ನಾಲ್ಕೂ ಗೋಡೆಯ ಎಲಿವೇಷನ್ (ಎದುರಿನಿಂದ ಕಾಣುವ ನಕ್ಷೆ), ಒಂದು ಕಪಾಟಿನ ಸೆಕ್ಷನ್ (ಸೀಳಿ ಒಳಭಾಗ ತೋರಿಸುವ ನಕ್ಷೆ), ವಿದ್ಯುತ್ ನಕ್ಷೆ, ಸಾಮಾನಿನ ಪಟ್ಟಿ ಮತ್ತು ದರ. ಬಣ್ಣಬಣ್ಣದ ತ್ರೀಡಿ ಚಿತ್ರ ಮಾತ್ರ ತೋರಿಸಿದರೆ ಅಲ್ಲಿ ಕಲಿಸುವುದು ಅಷ್ಟೇ ಎಂದು ತಿಳಿಯಿರಿ. ಕಲಿಸುವವರಲ್ಲಿ ಎಷ್ಟು ಜನ ಸ್ವತಃ ಸೈಟ್ ಕೆಲಸ ಮಾಡಿಸಿದ್ದಾರೆ, ಮರದ ಕೆಲಸಕ್ಕೆ ವರ್ಕ್‌ಶಾಪ್ ಇದೆಯೇ, ಇಂಟರ್ನ್‌ಶಿಪ್ ಎಷ್ಟು ತಿಂಗಳು, ಮಧ್ಯದಲ್ಲಿ ಬಿಟ್ಟರೆ ಫೀಸು ವಾಪಸಾಗುತ್ತದೆಯೇ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳುವುದೂ ಒಂದು ಒಳ್ಳೆಯ ಪರೀಕ್ಷೆ. ಕೋರ್ಸ್ ಮಾನ್ಯತೆ ಪಡೆದದ್ದೇ ಎಂದು ಮ್ಯಾನೇಜರ್ ನೋಡಿಯೇ ನೋಡುತ್ತಾರೆ. ಅವರು ಒಪ್ಪದಿದ್ದರೆ ಕಾರಣ ಕೇಳಿಕೊಂಡು ಬನ್ನಿ. ‘ನಮ್ಮಲ್ಲೇ ಕಂತಿನ ವ್ಯವಸ್ಥೆ ಇದೆ, ಬ್ಯಾಂಕಿಗೆ ಹೋಗುವುದೇ ಬೇಡ’ ಎಂದು ಸಂಸ್ಥೆಯವರೇ ಮುಂದಾಗಿ ಹೇಳಿದರೆ ಆ ದಿನ ದುಡ್ಡು ಕಟ್ಟದೆ ಮನೆಗೆ ಹೊರಡಿ.